ಬಾದಾಮಿಯಲ್ಲಿ ಉಳಿದಿದ್ದ ಲ್ಯಾಪ್‌ಟಾಪಿನ ಜೀವ

ಲ್ಯಾಪ್‌ಟಾಪಿನ ಪರದೆ ಪೂರ್ತಿ ಕಪ್ಪು. ಮೇಲೆ ಒಂದೇ ಸಾಲು ಬಿಳಿ ಇಂಗ್ಲಿಷು: ಚಾಲೂ ಮಾಡಲು ಡಿಸ್ಕ್ ಸಿಗುತ್ತಿಲ್ಲವಂತೆ. ಒಳಗೇ ಇರುವ ಡಿಸ್ಕು ಎಲ್ಲಿಗೆ ಹೋದೀತು? ಮತ್ತೆ ಮತ್ತೆ ಬಟನ್ ಒತ್ತಿದೆ.

ಯಾಕೆಂದರೆ ಅದರೊಳಗೆ ಹೆಂಡತಿಯ ದಡಿ ಇತ್ತು. ಇಳಕಲ್ ಸೀರೆಯ ಅಂಚಿಗೆ ನಾವು ದಡಿ ಅನ್ನುವುದು. ವರ್ಷಗಟ್ಟಲೆ ಬೇರೆಯವರ ನಮೂನೆಗಳನ್ನೇ ಕಂಪ್ಯೂಟರಿಗೆ ಇಳಿಸುತ್ತಿದ್ದವಳು ಮೊದಲ ಸಲ ತನ್ನದೇ ದಡಿ ಬರೆದಿದ್ದಳು, ಗುಬ್ಬಿಗಳ ಸಾಲು. ಮರುದಿನ ಬೆಳಿಗ್ಗೆ ನೇಕಾರ ಕಾಕಾ ಬಂದು ನೋಡುವವರಿದ್ದರು. ತೋರಿಸಲು ಆಗದಿದ್ದರೆ ಮಗ್ಗಕ್ಕೆ ಹಳೇ ದಡಿಯೇ ಏರುತ್ತಿತ್ತು.

ಅವಳು ಬಳಸುವ ಸಾಫ್ಟ್‌ವೇರ್ ಬಹಳ ಹಳೆಯದು, ಹೊಸ ವಿಂಡೋಸಿನಲ್ಲಿ ತೆರೆಯುವುದೇ ಇಲ್ಲ. ಅದಕ್ಕೆ ಬಾದಾಮಿಯ ಅಕ್ಕನ ಗಂಡನಿಂದ ಪೆನ್ ಡ್ರೈವ್ ತಂದು, ಅದನ್ನು ಚುಚ್ಚಿ, ಹಳೇ ವಿಂಡೋಸ್ ಹಾಕಿದ್ದೆ. ಚೆನ್ನಾಗಿ ಓಡಿತು. ಹೆಂಡತಿ ಬರೆಯುತ್ತ ಕೂತಳು. ಆಫ್ ಮಾಡುವ ರೂಢಿಯೇ ಇಲ್ಲ, ಬರೀ ಮುಚ್ಚಿಡುತ್ತಾಳೆ. ಅಷ್ಟರಲ್ಲಿ ಪಕ್ಕದ ಮನೆಯವರು ಬಾದಾಮಿಗೆ ಹೊರಟರು. ಪೆನ್ ಡ್ರೈವ್ ಕಿತ್ತು ಅವರ ಕೈಗೆ ಕೊಡಲು ಹೋದರೆ ಇವಳು ತಡೆದಳು.

"ಖಾಲಿ ಡಬ್ಬಿ ಹೊಳ್ಳಿ ಕೊಡ್ತಾರೇನ್ರಿ? ಏನರ ಹಾಕಿ ಕೊಡ್ರಿ."

"ಇದೇನ್ ಉಂಡಿ ಡಬ್ಬಿ ಏನ?"

"ಮಂದಿ ಮನಿ ವಸ್ತು ಹೌದಿಲ್ಲೋ?"

ನನ್ನ ತಂಗಿಯ ಕೂಸಿನ ತೊಟ್ಟಿಲು ಕಾರ್ಯಕ್ಕೆ ಅಕ್ಕನಿಗೆ ಬರಲಾಗಿರಲಿಲ್ಲ. ಅದರ ಫೋಟೋ ತುಂಬಿ ಕಳಿಸಿದೆವು.

ಪೆನ್ ಡ್ರೈವ್ ಹೋದ ಮರುದಿನ ಬ್ಯಾಟರಿ ಪೂರ್ತಿ ಇಳಿದು ಲ್ಯಾಪ್‌ಟಾಪ್ ಆಫ್ ಆಯಿತು. ಚಾರ್ಜಿಗೆ ಹಾಕಿ ಒತ್ತಿದರೆ ಈ ಬಿಳಿ ಸಾಲು. ಸೆಟ್ಟಿಂಗ್ ಒಳಗೆ ಹೊಕ್ಕು ನೋಡಿದೆ. ಡಿಸ್ಕು ಅಲ್ಲೇ ಕಾಣುತ್ತಿದೆ! ಚಾಲೂ ಆಗುವ ಸರದಿಯಲ್ಲಿ ಅದನ್ನೇ ಮೊದಲಿಗೆ ಏರಿಸಿದೆ. ಮತ್ತೆ ಅದೇ ಕಪ್ಪು.

ಬಾದಾಮಿಗೆ, ಅಕ್ಕನ ಗಂಡ ಮಾಮಾನಿಗೆ ಫೋನ್ ಹಚ್ಚಿದೆ.

"ಲೇ, ವಿಂಡೋಸ್ ಹಾಕಿದ ಮ್ಯಾಲೆ ಪೆನ್ ಡ್ರೈವ್ ಕಿತ್ತು ಒಮ್ಮೆರ ಆಫ್ ಮಾಡಿ ಚಾಲೂ ಮಾಡೀಯೇನ?"

"ಇಲ್ಲ ಮಾಮಾ."

"ಮುಗೀತಪಾ. ವಿಂಡೋಸ್ ಹಾಕೂವಾಗ ಚಾಲೂ ಮಾಡೋ ಫೈಲು ಪೆನ್ ಡ್ರೈವಿನಾಗ ಹೋಗಿ ಕುಂತಾವ. ವಿಂಡೋಸ್ ನಿನ್ನ ಕಡೆ ಐತಿ, ಅದನ್ನ ಎಬ್ಬಿಸಾವ ನನ್ನ ಕಡೆ ಅದಾನ."

ಇಂಥದ್ದೂ ಆಗುತ್ತದೆಂದು ನಾನು ಕೇಳಿಯೇ ಇರಲಿಲ್ಲ.

"ಆದ್ರ ನಾ ಅದನ್ನ ಫಾರ್ಮ್ಯಾಟ್ ಮಾಡಿ ಎಲ್ಲಾ ಅಳಸಾಕ ಕುಂತಿದ್ದೆ," ಅಂದರು.

"ಮಾಡೇಬಿಟ್ರೇನು?"

ಹಿಂದಿನಿಂದ ಅಕ್ಕನ ದನಿ ಕೇಳಿತು. "ಮುಟ್ಟಿ ನೋಡ್ರಿ, ಇವತ್ತ ಊಟಾನೇ ಇಲ್ಲ ಅಂದೇನಿ! ಕೂಸಿನ ಫೋಟೋ ಇನ್ನೂ ಅರ್ಧಾ ನೋಡಿಲ್ಲ ನಾ!"

ಪೆನ್ ಡ್ರೈವ್ ಹಾಗೇ ಇರಲಿ ಎಂದು ಹೇಳಿ ಫೋನ್ ಇಟ್ಟೆ. ವಿಷಯ ಹೇಳಿದಾಗ ಹೆಂಡತಿ ನನ್ನನ್ನೇ ದಿಟ್ಟಿಸಿದಳು. ನಮ್ಮ ಸೀರೆಯಲ್ಲಿ ಸೆರಗಿನ ನೂಲೂ ಮೈಯ ನೂಲೂ ಬೇರೆ ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸಬೇಕು.

"ಸೆರಗು ಬಾದಾಮ್ಯಾಗ, ಮೈ ಇಳಕಲ್ಲಾಗ," ಅಂದಳು. "ಜೋಡಸಲಾರದ ನೇಯಾಕ ಕುಂತ್ರ ಹಿಂಗ ಆಗತೈತಿ. ನಡೀರಿ, ಬಸ್ ಹಿಡೀರಿ."

ಗುಡೂರು ದಾಟಿ ಬಾದಾಮಿ ಮುಟ್ಟುವವರೆಗೂ ಲ್ಯಾಪ್‌ಟಾಪನ್ನು ತೊಡೆಯಿಂದ ಇಳಿಸಲಿಲ್ಲ. ಅಕ್ಕನ ಮನೆಯಲ್ಲಿ ಟಿವಿ ತುಂಬ ಕೂಸು ನಗುತ್ತಿತ್ತು. ಪೆನ್ ಡ್ರೈವ್ ಟಿವಿಯ ಹಿಂದೆ! ಅಕ್ಕ ಒಲ್ಲದ ಮನಸ್ಸಿನಿಂದ ಕಿತ್ತು ಕೊಟ್ಟಳು. ಲ್ಯಾಪ್‌ಟಾಪಿಗೆ ಚುಚ್ಚಿ ಒತ್ತಿದೆ. ಎದ್ದಿತು! ಏನೂ ಆಗಿಯೇ ಇಲ್ಲವೆಂಬಂತೆ ಎದ್ದಿತು. ನನಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಮಾಮಾ ಒಂದು ಸಾಲು ಆಜ್ಞೆ ಟೈಪ್ ಮಾಡಿ, ಚಾಲೂ ಮಾಡುವ ಫೈಲುಗಳನ್ನು ಲ್ಯಾಪ್‌ಟಾಪಿನ ಡಿಸ್ಕಿಗೇ ಇಳಿಸಿದರು. ಪೆನ್ ಡ್ರೈವ್ ಕಿತ್ತು, ಆಫ್ ಮಾಡಿ, ಮತ್ತೆ ಒತ್ತಿದೆ. ತಾನಾಗಿಯೇ ಎದ್ದಿತು. ದಡಿಯ ಗುಬ್ಬಿಗಳೆಲ್ಲ ಸಾಲಾಗಿ ಕೂತಿದ್ದವು.

ಮರುದಿನ ಬೆಳಿಗ್ಗೆ ಇಳಕಲ್ಲಿನ ನಮ್ಮ ಮನೆಯಲ್ಲಿ ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಗುಬ್ಬಿ ಬಾಲಾ ಚೂರು ಸಣ್ಣದ ಮಾಡವಾ. ಮಗ್ಗಕ್ಕ ಏರಸೂಣು."

ಹೆಂಡತಿ ಬಾಲಕ್ಕೆ ಕೈಹಾಕಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದಳು.

"ಮೊದ್ಲ ಇದನ್ನ ಬಂದ್ ಮಾಡಿ, ಚಾಲೂ ಮಾಡಿ ತೋರಸ್ರಿ. ಆಮ್ಯಾಲೆ ಬಾಲಾ."