ಬುಧವಾರದ ಕೇಕು

ಗುಲೆಲೆ ಬಡಾವಣೆಯ ನಮ್ಮ ಓಣಿಯಲ್ಲಿ ಚರ್ಚಿನ ಉಪವಾಸದ ವಿಷಯಕ್ಕೆ ತಕರಾರು ಬಂದರೆ ತೀರ್ಪು ಹೇಳುವವಳು ಮುಲುನೆಶ್. ಬುಧವಾರ, ಶುಕ್ರವಾರ ಹಾಲು, ಬೆಣ್ಣೆ, ಮೊಟ್ಟೆ, ಮಾಂಸ ಮುಟ್ಟಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಹಿಂದಿನ ದಿನ ಬೆಣ್ಣೆ ಕಾಯಿಸಿದ ಪಾತ್ರೆಯಲ್ಲಿ ಬೇಳೆ ಬೇಯಿಸಬಹುದೇ ಎಂದು ಕೇಳಬೇಕಾದರೆ ಅವಳ ಬಾಗಿಲಿಗೇ ಹೋಗಬೇಕು. “ಯಾಕೆ, ನಿಮ್ಮನೇಲಿ ಬೇರೆ ಪಾತ್ರೆ ಇಲ್ವಾ?” ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿ ಕಳಿಸುತ್ತಿದ್ದಳು. ಇಂಥ ಹೆಂಗಸು ಪ್ರತಿ ಬುಧವಾರ ಪಿಯಾಸಾ ಪೇಟೆಯ ಬೇಕರಿಯೊಂದರಲ್ಲಿ ಗೋಡೆಗೆ ಮುಖ ಮಾಡಿ ಕೂತು ಬಿಳಿ ಕೆನೆ ಬಳಿದ ಕೇಕು ತಿನ್ನುತ್ತಾಳೆಂದು ಯಾರಾದರೂ ಹೇಳಿದ್ದರೆ, ಹೇಳಿದವರಿಗೇ ಒದೆ ಬೀಳುತ್ತಿತ್ತು.

ತಿನ್ನುತ್ತಿದ್ದದ್ದು ಮಾತ್ರ ನಿಜ. ಹಬ್ಬದ ಬಿಳಿ ಬಟ್ಟೆಗಳಿಗೆ ಬಣ್ಣದ ಅಂಚು ಹೊಲಿಯುವುದು ಅವಳ ಕೆಲಸ. ಹೊಲಿದದ್ದನ್ನು ಪಿಯಾಸಾದ ಅಂಗಡಿಗೆ ಕೊಟ್ಟು ಬರುವುದು ಬುಧವಾರ. ಎಷ್ಟೋ ವರ್ಷಗಳ ಹಿಂದೆ ಹಾಗೆ ಹೋದಾಗ ಕಾಲು ಸೋತು ಆ ಬೇಕರಿಯಲ್ಲಿ ಕೂತಿದ್ದಳು. ಬರೀ ಚಹಾ ಕುಡಿದು ಏಳೋಣ ಅಂದುಕೊಂಡವಳು ಕೇಕನ್ನೂ ತಿಂದಳು. ಇದೊಂದೇ ಸಲ ಎಂದು ತನಗೆ ತಾನೇ ಮಾತು ಕೊಟ್ಟಳು. ಮುಂದಿನ ಬುಧವಾರವೂ ಅದೇ ಮಾತು ಕೊಟ್ಟಳು.

ಕದ್ದು ತಿನ್ನುವುದರಲ್ಲೂ ಅವಳದೊಂದು ನೇಮವಿತ್ತು. ಬಾಯಿಗೆ ಏನೂ ಹಾಕಬಾರದ ಹೊತ್ತು, ಅಂದರೆ ಮಧ್ಯಾಹ್ನ ಮೂರು ಗಂಟೆ, ಕಳೆಯುವ ಮೊದಲು ಒಳಗೆ ಕಾಲಿಡುತ್ತಿರಲಿಲ್ಲ; ಹಾಲು, ಬೆಣ್ಣೆ ಮಾತ್ರ ದಿನವಿಡೀ ವರ್ಜ್ಯ. ತಲೆಯ ಮೇಲಿನ ಬಿಳಿ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು, ಗಾಜಿನ ಪೆಟ್ಟಿಗೆಯತ್ತ ಬೆರಳು ಮಾತ್ರ ತೋರಿಸಿ, ಕಣ್ಣನ್ನು ಬೀದಿಯ ಕಡೆ ತಿರುಗಿಸಿಬಿಡುತ್ತಿದ್ದಳು. ಕಟ್ಟೆಯ ಹಿಂದೆ ನಿಂತು ಕೇಕು ಮಾರುವ ಹುಡುಗಿ ಹಿರುತ್ ಕೂಡ ಏನೂ ಕೇಳದೆ ಒಂದು ತುಂಡು ಕೇಕು, ಲವಂಗ ಹಾಕಿದ ಚಹಾ ತಂದಿಡುತ್ತಿದ್ದಳು. ಆಮೇಲಿನ ಅರ್ಧ ಗಂಟೆ ಮುಲುನೆಶ್ ಯಾರ ತಾಯಿಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಕೆನೆ ನಾಲಗೆಯ ಮೇಲೆ ಕರಗುವಾಗ ಭಯಕ್ಕೆ ಎದೆ ಢವಢವ ಅನ್ನುತ್ತಿತ್ತು, ಸುಖಕ್ಕೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ವಿಚಿತ್ರವೆಂದರೆ, ಈಸ್ಟರ್ ಕಳೆದ ಮೇಲಿನ ಐವತ್ತು ದಿನ ನಮಗೆ ಬುಧವಾರದ ಉಪವಾಸವೇ ಇಲ್ಲ. ಆಗ ಅದೇ ಕೇಕು ಅವಳಿಗೆ ಜಿಡ್ಡುಜಿಡ್ಡಾಗಿ ಬೇರೆಯೇ ಅನ್ನಿಸುತ್ತಿತ್ತು. ಕದ್ದು ತಿನ್ನದಿದ್ದರೆ ರುಚಿಯೂ ಕೈಕೊಡುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಹೀಗೇ ನಡೆದುಹೋಗುತ್ತಿತ್ತೇನೋ. ಗಂಡ ದೆಮಿಸ್ಸೆಗೆ ಕುರ್ಬಾನದ ಹಂಬಲ ಹತ್ತಿತು ನೋಡಿ, ಅಲ್ಲಿಂದ ಪೀಕಲಾಟ.

ದೆಮಿಸ್ಸೆ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಸಾಧು ಮನುಷ್ಯ. ಹಿರಿಯರು ಕೂಡಿ ಮಾಡಿದ ಮದುವೆ ಅವರದು. ಇಬ್ಬರೂ ಒಟ್ಟಿಗೆ ಚರ್ಚಿನಲ್ಲಿ ಕುರ್ಬಾನದ ಪವಿತ್ರ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಿದರೆ ಮದುವೆಯ ಗಂಟು ಆಮೇಲೆ ಬಿಚ್ಚುವುದಿಲ್ಲ, ಬೇರೆಯಾಗುವ ಮಾತೇ ಇಲ್ಲ. ಅದಕ್ಕೇ ಜನ ತಲೆ ನರೆಯುವ ತನಕ ಕಾಯುತ್ತಾರೆ. ಇವರ ತಲೆ ನರೆತು ಎಷ್ಟೋ ಕಾಲವಾಗಿತ್ತು. ಆದರೂ ಅವನು ಕೇಳಿದಾಗಲೆಲ್ಲ ಮುಲುನೆಶ್, ಮೊಮ್ಮಗು ಹುಟ್ಟಲಿ, ಮಂಡಿ ನೋವು ಹೋಗಲಿ, ಮಳೆಗಾಲ ಕಳೆಯಲಿ ಎಂದು ಮೀನಮೇಷ ಎಣಿಸುತ್ತಿದ್ದಳು.

ಕುರ್ಬಾನಕ್ಕೆ ಮೊದಲು ಪಾದ್ರಿಯ ಮುಂದೆ ಎಲ್ಲ ಪಾಪ ಹೇಳಿಕೊಳ್ಳಬೇಕು. ಹೇಳಿದರೆ ಬಿಡಬೇಕು. ಅವಳಿಗೆ ಹೇಳಲು ಬಾಯಿಲ್ಲ, ಬಿಡಲು ಮನಸ್ಸಿಲ್ಲ.

ಒಂದು ಮಂಗಳವಾರ. ಮರುದಿನ ಬುಧವಾರ, ಬೆಳಿಗ್ಗೆ ಉಪವಾಸ, ಕಾಫಿ ಇಲ್ಲ. ಅದಕ್ಕೇ ಸಂಜೆಯೇ ಮಾಡಿದ್ದಳು. ಮೊದಲನೆಯ ಲೋಟವಾಯಿತು, ಎರಡನೆಯದಾಯಿತು. ಮೂರನೆಯದು ಆಶೀರ್ವಾದದ ಲೋಟ. ಅದನ್ನು ಕುಡಿಯದೆ ನಮ್ಮಲ್ಲಿ ಯಾರೂ ಏಳುವುದಿಲ್ಲ. ದೆಮಿಸ್ಸೆ ಎದ್ದು ನಿಂತ.

“ಎಲ್ಲಿಗ್ರೀ? ಇನ್ನೊಂದಿದೆ.”

“ಸಾಕು. ಮುಲೂ, ನೆಟ್ಟಗೆ ಕೇಳ್ತೀನಿ. ನಾನು ನಿಂಗೆ ಬೇಡವಾಗಿದೀನಾ?”

“ತಲೆ ಕೆಟ್ಟಿದೆಯಾ? ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ?”

“ಹೋಗೋಳಲ್ಲ ಅಂದ್ರೆ ಬಾಗಿಲು ಯಾಕೆ ತೆಗೆದಿಟ್ಕೊಂಡಿದೀಯ? ಇನ್ಮೇಲೆ ಕುರ್ಬಾನಕ್ಕೆ ಬಾ ಅಂತ ನಾನು ಕೇಳಲ್ಲ ಬಿಡು.”

ಅವನು ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ಮೂರನೆಯ ಲೋಟ ಅಲ್ಲೇ ತಣ್ಣಗಾಯಿತು. ಒಂದು ತುಂಡು ಕೇಕಿಗಾಗಿ ಇಂಥ ಗಂಡನ ಹೊಟ್ಟೆ ಉರಿಸಿದೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡು ಅತ್ತಳು.

ಬುಧವಾರ ಬೆಳಿಗ್ಗೆ ನೇರ ಚರ್ಚಿಗೆ ಹೋದಳು. ಅವಳ ಪಾಪಪುಣ್ಯ ಕೇಳುವ ಪಾದ್ರಿ ಅಬಾ ಮೆಕುರಿಯಾ ಆವರಣದ ಮರದ ಕೆಳಗೆ ಕೂತಿದ್ದರು. ಮುಲುನೆಶ್ ಶಿಲುಬೆಗೆ ಮುತ್ತಿಟ್ಟು, ಕುಕ್ಕರಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಬಾ ಗಡ್ಡ ಸವರಿಕೊಂಡರು. “ಅದರಲ್ಲಿ ಏನೇನು ಹಾಕ್ತಾರೆ?”

“ಬೆಣ್ಣೆ, ಹಾಲು, ಮೊಟ್ಟೆ... ಕೇಕಿಗೆ ಇನ್ನೇನು ಹಾಕ್ತಾರೆ ಅಬಾ?”

“ಕೇಳಿದೀಯಾ?”

“ಹೇಗೆ ಕೇಳ್ಲಿ? ಹೌದು ಅಂದುಬಿಟ್ರೆ ಬಿಡಬೇಕಾಗ್ತಿತ್ತಲ್ಲ!”

ಅಬಾ ಕೆಮ್ಮಿದರು. ಅದು ಕೆಮ್ಮೋ ನಗುವೋ ಅವಳಿಗೆ ತಿಳಿಯಲಿಲ್ಲ. “ಮೊದಲು ಹೋಗಿ ಕೇಳ್ಕೊಂಡು ಬಾ. ಏನು ತಿಂದೆ ಅಂತ ನಿಂಗೇ ಗೊತ್ತಿಲ್ಲ, ನಾನೇನು ಪರಿಹಾರ ಹೇಳ್ಲಿ?”

ಮಿನಿಬಸ್ಸು ಹತ್ತಿ ಪಿಯಾಸಾಕ್ಕೆ ಬಂದಳು. ಬೇಕರಿಯ ಒಳಗೆ ಕಾಲಿಟ್ಟಳು. ಮೊದಲ ಬಾರಿಗೆ ಹೊದಿಕೆಯನ್ನು ಹಿಂದಕ್ಕೆ ಸರಿಸಿ ಹಿರುತಳ ಮುಖವನ್ನು ನೇರವಾಗಿ ನೋಡಿದಳು.

“ಅಮ್ಮಾ, ಇವತ್ತು ಇಷ್ಟು ಬೇಗ?” ಎಂದಳು ಹಿರುತ್.

“ಒಂದು ಮಾತು ಕೇಳ್ಬೇಕಿತ್ತು ಮಗಳೇ. ಈ ಕೇಕಲ್ಲಿ ಎಷ್ಟು ಮೊಟ್ಟೆ ಹಾಕ್ತೀರಿ?”

ಹಿರುತಳ ಮುಖ ಸಣ್ಣಗಾಯಿತು. “ಅಯ್ಯೋ, ಬುಧವಾರ ಮೊಟ್ಟೆನಾ? ನಮ್ಮ ಯಜಮಾನಿ ಕೇಳಿಸ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ. ಬುಧವಾರ, ಶುಕ್ರವಾರ ಇಲ್ಲಿ ಬರೀ ಉಪವಾಸದ ಕೇಕು. ಮೊಟ್ಟೆ ಇಲ್ಲ, ಹಾಲಿಲ್ಲ, ಕೆನೆನೂ ಎಣ್ಣೇದೇ. ಈಸ್ಟರ್ ಆದ್ಮೇಲಿನ ಐವತ್ತು ದಿನ ಬಿಟ್ರೆ ಮೊದಲಿಂದಲೂ ಹಾಗೇ ಅಮ್ಮಾ. ಅಲ್ಲೇ ಬರೆದಿದೆಯಲ್ಲ.”

ಗಾಜಿನ ಪೆಟ್ಟಿಗೆಯ ಮೇಲೆ, ಅವಳು ಇಷ್ಟು ವರ್ಷ ಬೆರಳು ತೋರಿಸಿ ಮುಖ ತಿರುಗಿಸುತ್ತಿದ್ದ ಜಾಗದಲ್ಲೇ, ಅಂಗೈ ಅಗಲದ ಅಕ್ಷರದಲ್ಲಿ ಬರೆದಿತ್ತು. ಮುಲುನೆಶಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು, ಉಪವಾಸದ ದಿನ ಹಾಲಿನ ಮಾತು ಆಡಬಾರದು, ಆದರೂ ಹಾಗೇ ಆಯಿತು. ಅಲ್ಲೇ ಕುರ್ಚಿಯಲ್ಲಿ ಕುಸಿದು ಒಂದಿಷ್ಟು ಅತ್ತಳು, ಒಂದಿಷ್ಟು ನಕ್ಕಳು. ಹಿರುತ್ ಪಾಪ, ಗಾಬರಿಯಾಗಿ ನೀರು ತಂದುಕೊಟ್ಟಳು.

ಮರದ ಕೆಳಗೆ ಅಬಾ ಇನ್ನೂ ಕೂತಿದ್ದರು. “ಕೇಕು ನಿರಪರಾಧಿ. ನೀನಲ್ಲ,” ಎಂದರು. “ತಪ್ಪು ಅಂದ್ಕೊಂಡೇ ತಿಂದಿದೀಯ. ಅದಕ್ಕೆ ಪ್ರಾಯಶ್ಚಿತ್ತ ಅಂತ ದೇವರ ಮುಂದೆ ಅಡ್ಡಬೀಳೋದಿದೆ, ಆಮೇಲೆ ಹೇಳ್ತೀನಿ. ಇನ್ನೊಂದು ವಿಷಯ. ಪಾತ್ರೆ, ಸೌಟು ಅಂತ ನಿನ್ನ ಬಾಗಿಲಿಗೆ ಕೇಳೋಕೆ ಬರ್ತಾರಲ್ಲ, ಅವರ ಮೇಲೆ ಹರಿಹಾಯಬೇಡ. ಅವರಿಗೆ ಕೇಳೋ ಧೈರ್ಯ ಇದೆ.”

ಸಂಜೆ ಮನೆಯಲ್ಲಿ ಕಾಫಿ ಬೀಜ ಹುರಿದ ಹೊಗೆ ಏಳುತ್ತಿದ್ದಾಗ ದೆಮಿಸ್ಸೆ ಒಳಗೆ ಬಂದ. ಮಣೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಎರಡು ತುಂಡು ಕೇಕು. ಅವನು ಹೆಂಡತಿಯನ್ನೂ ಕೇಕನ್ನೂ ನೋಡಿದ.

“ಬುಧವಾರ ಕಣೇ.”

“ಗೊತ್ತು. ಕೂತ್ಕೊಳ್ಳಿ, ಹೇಳ್ತೀನಿ.”

ಮೊದಲ ಲೋಟ ಮುಗಿಯುವ ಹೊತ್ತಿಗೆ ಹೇಳಿ ಮುಗಿಸಿದಳು. ದೆಮಿಸ್ಸೆ ಎರಡನೆಯ ಲೋಟವನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದ. ಆಮೇಲೆ ಅವನ ಭುಜ ಅಲುಗಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ನಾನು ಯಾರೋ ಒಬ್ಬ ಇದಾನೆ ಅಂತ ಒದ್ದಾಡ್ತಿದ್ರೆ ನೀನು ಕೇಕು ತಿಂತಿದ್ಯಾ? ಪ್ರತಿ ಬುಧವಾರ ಮುಖ ಅರಳಿಸ್ಕೊಂಡು ಬರ್ತಿದ್ದೆ ಕಣೇ, ಕಣ್ಣಾರೆ ನೋಡ್ತಿದ್ದೆ.”

“ಥೂ ನಿಮ್ಮ! ಈ ಮಂಡಿ ಇಟ್ಕೊಂಡು?”

ಅವನು ಒಂದು ತುಂಡು ಮುರಿದು ಬಾಯಿಗಿಟ್ಟು, ನಿಧಾನಕ್ಕೆ ಜಗಿದ. “ಇದಕ್ಕಾ ಇಷ್ಟೆಲ್ಲಾ? ಇದರಲ್ಲಿ ಬೆಣ್ಣೆನೇ ಇಲ್ಲ.”

“ಇತ್ತು,” ಎಂದಳು ಮುಲುನೆಶ್. “ನಿನ್ನೆವರೆಗೂ ಇತ್ತು.”

ಅವಳು ಕಾಫಿ ಬಗ್ಗಿಸುವ ಮೊದಲೇ ದೆಮಿಸ್ಸೆ ಮೂರನೆಯ ಬಾರಿಗೆ ಲೋಟ ಮುಂದೆ ಚಾಚಿದ.

“ಕುರ್ಬಾನಕ್ಕೆ ಯಾವ ಭಾನುವಾರ ಅಂದ್ರು ಅಬಾ?” ಎಂದು ಕೇಳಿದ.