ಇಲಿದಾರಿಯ ಅಧ್ಯಕ್ಷೆ

ಬುಸಿಯಾ ಊರನ್ನು ಗಡಿ ಎರಡು ಹೋಳು ಮಾಡಿದೆ. ಪೆರೂಸಿ ಅಜಾಂಬೊ ಉಗಾಂಡಾದ ಹೋಳಿನಲ್ಲಿ ಕೋಳಿಮೊಟ್ಟೆ ಕೊಂಡು ಕೀನ್ಯಾದ ಹೋಳಿನಲ್ಲಿ ಮಾರುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ಓಡಾಡಿದ್ದು ಇಲಿದಾರಿಯಲ್ಲಿ. ಸುಂಕದವರ ಕಣ್ಣು ತಪ್ಪಿಸುವವರು ಜೌಗಿನ ನಡುವೆ ತುಳಿದು ತುಳಿದು ಮಾಡಿದ ಕಾಲುಹಾದಿ ಅದು. ಯಾರಾದರೂ ಆಡಿಕೊಂಡರೆ, "ನನ್ನನ್ನ ಕಳ್ಳಿ ಅನ್ಬೇಡ್ರಪ್ಪ, ಕಳ್ಳಿಗೆ ಲಾಭ ಆದ್ರೂ ಇರುತ್ತೆ" ಎಂದು ತಾನೇ ಮೊದಲು ನಗುತ್ತಿದ್ದಳು.

ಆಮೇಲೆ ಎರಡೂ ದೇಶಗಳು ಕೂಡಿ ಒಂದೇ ಸೂರಿನಡಿ ಗಡಿಕಟ್ಟೆ ನಡೆಸತೊಡಗಿದವು. ಸಣ್ಣ ವ್ಯಾಪಾರಿಗಳು ಒಂದು ಫಾರಂ ತುಂಬಿಕೊಟ್ಟರೆ ಸಾಕು, ಸುಂಕವಿಲ್ಲ ಎಂದಾಯಿತು. ಬಾಯಿ ಜೋರೆಂಬ ಒಂದೇ ಅರ್ಹತೆಯ ಮೇಲೆ ವ್ಯಾಪಾರಿ ಹೆಂಗಸರು ಪೆರೂಸಿಯನ್ನು ತಮ್ಮ ಸಂಘದ ಅಧ್ಯಕ್ಷೆ ಮಾಡಿದರು. ಕೀನ್ಯಾದ ಕಿಸುಮು ನಗರದ ಹೋಟೆಲಿನಲ್ಲಿ ಪೂರ್ವ ಆಫ್ರಿಕಾದ ಆರು ದೇಶಗಳ ಅಧಿಕಾರಿಗಳು ಸಭೆ ಸೇರಿದಾಗ ಅವಳಿಗೂ ಕರೆ ಬಂತು. ಕೊರಳಿಗೆ ಹೆಸರಿನ ಬಿಲ್ಲೆ ತೂಗುಹಾಕಿಕೊಂಡು ವೇದಿಕೆ ಹತ್ತಿದವಳು, "ಇಲಿದಾರಿ ಇಲಿಗಳಿಗಿರ್ಲಿ. ನಾವು ಮನುಷ್ಯರು, ಬಾಗಿಲಿಂದಲೇ ಹೋಗೋಣ!" ಎಂದಳು. ಚಪ್ಪಾಳೆಯೋ ಚಪ್ಪಾಳೆ. ಮರುದಿನದ ಪತ್ರಿಕೆಯಲ್ಲಿ ಅವಳ ಫೋಟೊ ಬಂತು.

ಸೋಮವಾರ ಬೆಳಿಗ್ಗೆ ಅವಳು ಎಂಟು ಟ್ರೇ ಮೊಟ್ಟೆಯನ್ನು ತಲೆಯ ಮೇಲೆ ಹೊತ್ತು ಹೊರಟಳು. ದಾರಿ ಕವಲೊಡೆಯುವಲ್ಲಿ ಕಾಲು ತಾನಾಗಿ ಜೌಗಿನ ಕಡೆ ತಿರುಗಿತು. ನಡುಹಾದಿಯಲ್ಲಿ ಕೀನ್ಯಾದ ಗಡಿ ಕಾವಲಿನವ ಕಿಪ್ರೊನೊ ಎದುರಾದ. ಅವಳು ಬೆಚ್ಚಿ ಜಾರಿ ಕುಕ್ಕರಿಸಿದಳು. ಕೆಳಗಿನ ಎರಡು ಟ್ರೇ ಮೊಟ್ಟೆ ಅವಳ ನೆತ್ತಿಯ ಮೇಲೆಯೇ ಒಡೆದವು.

"ನಿಮ್ಮನ್ನ ಎಲ್ಲೋ ನೋಡಿದೀನಲ್ಲ, ಅಮ್ಮಾ?"

"ನನ್ನ ತಂಗಿ ಇರ್ಬೇಕಪ್ಪ. ಅವಳಿಗೆ ಸ್ವಲ್ಪ ಬುದ್ಧಿ ಜಾಸ್ತಿ" ಎಂದಳು, ಕಣ್ಣಿಗೆ ಇಳಿಯುತ್ತಿದ್ದ ಲೋಳೆ ಒರೆಸಿಕೊಳ್ಳುತ್ತ.

ಅವನು ಅವಳನ್ನು ಗಡಿಕಟ್ಟೆಗೆ ಕರೆತಂದ. ಅಲ್ಲಿ ಮೊಟ್ಟೆಗಾಗಿ ಕಾದಿದ್ದ ಗೆಳತಿ ನೆಕೆಸಾ ದೂರದಿಂದಲೇ ಕೂಗಿದಳು: "ಏ ಪೆರೂಸಿ! ಕಿಸುಮುನಲ್ಲಿ ಭಾಷಣ ಬಿಗಿದೋಳು ಇದೇನೇ ನಿನ್ನ ಅವತಾರ?"

ತಂಗಿಯ ಕಥೆ ಅಲ್ಲಿಗೆ ಮುಗಿಯಿತು. ಕಿಪ್ರೊನೊ ನಗು ತಡೆದುಕೊಂಡು, "ದಂಡ ಬೇಡ. ನೀವೇ ಹೇಳಿದ ಹಾಗೆ ಬಾಗಿಲಿಂದಲೇ ಹೋಗಿ, ಈ ಫಾರಂ ತುಂಬಿದ್ರೆ ಸಾಕು" ಎಂದು ಹಾಳೆ ಮುಂದಿಟ್ಟ.

ಪೆರೂಸಿ ಪೆನ್ನು ಹಿಡಿದು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆ ಫಾರಂ ಅವಳು ಎಂದೂ ತುಂಬಿರಲಿಲ್ಲ. ಅದರ ಇಂಗ್ಲಿಷ್ ಅವಳಿಗೆ ತಿಳಿಯುತ್ತಿರಲಿಲ್ಲ; ಅಧ್ಯಕ್ಷೆಯಾದ ಮೇಲೆ ಯಾರನ್ನಾದರೂ ಕೇಳಲು ನಾಚಿಕೆ. ಕಾಲಿನ ಚಾಳಿ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು; ನಿಜಕ್ಕೂ ಅವಳನ್ನು ಜೌಗಿಗಿಳಿಸಿದ್ದು ಆ ಒಂದು ಹಾಳೆಯ ಭಯ.

"ಈ ಇಂಗ್ಲಿಷ್ ಓದೋಕೆ ಬರಲ್ಲ ಕಣೇ" ಎಂದಳು ನೆಕೆಸಾಳ ಕಿವಿಯಲ್ಲಿ. ನೆಕೆಸಾ ಈ ಸಲ ನಗಲಿಲ್ಲ. ಒಂದೊಂದೇ ಸಾಲಿಗೆ ಬೆರಳಿಟ್ಟು ಅರ್ಥ ಹೇಳಿದಳು. ಸರಕು ಎಲ್ಲಿ ಹುಟ್ಟಿದ್ದು ಎಂಬಲ್ಲಿ ಪೆರೂಸಿ ಅವಸರದಲ್ಲಿ ತನ್ನ ತವರಿನ ಹೆಸರು ಗೀಚಿದಳು.

"ಮೊಟ್ಟೆ ಹುಟ್ಟಿದ್ದು ಕೇಳ್ತಿರೋದು ಮಾರಾಯ್ತಿ, ನೀನು ಹುಟ್ಟಿದ್ದಲ್ಲ!"

ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಇಷ್ಟಕ್ಕೇ ಇಷ್ಟು ದಿನ ಕೆಸರು ತುಳಿದೆನಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು.

ಮರುವರ್ಷದ ಸಭೆಯಲ್ಲಿ ಅವಳು ಭಾಷಣ ಮಾಡಲಿಲ್ಲ. ಜೌಗಿನಲ್ಲಿ ಬಿದ್ದದ್ದು, ತಂಗಿಯನ್ನು ಹುಟ್ಟಿಸಿದ್ದು, ಫಾರಂ ಓದಲು ಬಾರದ್ದು, ಎಲ್ಲವನ್ನೂ ಇದ್ದಂತೆ ಹೇಳಿದಳು. "ಆರು ದೇಶದ ದೊಡ್ಡೋರು ಕೂತು ಬಾಗಿಲು ತೆಗೆದ್ರಿ. ಬಾಗಿಲ ಮೇಲೆ ಏನು ಬರೆದಿದೆ ಅಂತ ನನ್ನಂಥ ದಡ್ಡಿಗೆ ಗೊತ್ತಾಗೋ ಭಾಷೇಲಿ ಬರೀರಪ್ಪ" ಎಂದಳು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಒಬ್ಬಿಬ್ಬರು ಬರೆದುಕೊಂಡರು.

ಹೊರಗೆ ಬಂದಾಗ ರುವಾಂಡಾದಿಂದ ಬಂದಿದ್ದ ಟೊಮೆಟೊ ವ್ಯಾಪಾರಿ ಹೆಂಗಸೊಬ್ಬಳು ಅವಳ ತೋಳು ಹಿಡಿದು ಒಡಕು ಸ್ವಾಹಿಲಿಯಲ್ಲಿ ಕೇಳಿದಳು: "ಅಕ್ಕಾ, ನಾನೂ ಮೂರು ಸಭೇಲಿ ಸುಮ್ನೆ ತಲೆ ಆಡಿಸ್ಕೊಂಡು ಕೂತಿದ್ದೆ. ಆ ಫಾರಂ ತುಂಬೋದು ನಂಗೂ ಹೇಳಿಕೊಡ್ತೀಯಾ?"

ಇಬ್ಬರೂ ಮೆಟ್ಟಿಲ ಮೇಲೆ ಹಾಳೆ ಹರವಿಕೊಂಡು ಕೂತರು. ಒಳಗಿನಿಂದ ಊಟಕ್ಕೆ ಎರಡು ಸಲ ಕರೆ ಬಂದರೂ ಏಳಲಿಲ್ಲ.