ದಂಡೆ ಒಡೆದರೆ ನೀರು ನಿಲ್ಲುತ್ತದೆಯೇ?

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ. ಹೇಳುತ್ತಿದ್ದೆ ಅನ್ನುವುದೂ ದೊಡ್ಡ ಮಾತೇ, ಬರೆಸುತ್ತಿದ್ದೆ. ಆ ನೋಟ್ಸನ್ನು ಲಿಂಗಸುಗೂರಿನ ಗೆಳೆಯನಿಂದ ಇಳಿಸಿಕೊಂಡಿದ್ದೆ. ಅವನು ಯಾರಿಂದ ಇಳಿಸಿಕೊಂಡಿದ್ದನೋ, ದೇವರಿಗೇ ಗೊತ್ತು. ಮಸ್ಕಿಯ ಮನೆಯಿಂದ ಬಂದು ಬಸ್ಸಿಳಿದು ಕಾಲೇಜಿಗೆ ಹೋಗುವಾಗ ಮಾತ್ರ ವಿಜ್ಞಾನವನ್ನು ನಾನೇ ಹೊತ್ತು ತಂದವನ ಹಾಗೆ ಎದೆ ಸೆಟೆಸಿ ನಡೆಯುತ್ತಿದ್ದೆ.

ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಟಿಪಿ ಸಿಂಥೇಸ್ ಎಂಬ ಕಿಣ್ವದ ಬಗ್ಗೆ ಪ್ರಶ್ನೆ ಕೊಟ್ಟೆ. ಆಮ್ಲಜನಕ ಬಳಸಿ ನಡೆಯುವ ಉಸಿರಾಟದ ಕೆಲಸದಿಂದ ಜೀವಕೋಶದ ಮೈಟೋಕಾಂಡ್ರಿಯದ ಒಳಪೊರೆಯ ಆಚೆ ಪ್ರೋಟಾನುಗಳು ಒತ್ತೊತ್ತಾಗಿ ಸೇರುತ್ತವೆ. ಅವು ಎಟಿಪಿ ಸಿಂಥೇಸ್‌ನ ಕಿಂಡಿಯಿಂದ ವಾಪಸು ನುಗ್ಗುವ ರಭಸಕ್ಕೆ ಅದು ತಿರುಗುತ್ತದೆ, ದೇಹಕ್ಕೆ ಶಕ್ತಿ ಕೊಡುವ ಎಟಿಪಿ ತಯಾರಾಗುತ್ತದೆ. ಒಂದು ವಿಷ ಪೊರೆಯನ್ನೇ ಸೋರುವಂತೆ ಮಾಡಿದರೆ ಆಮ್ಲಜನಕದ ಬಳಕೆ ಏನಾಗುತ್ತದೆ? 'ನಿಲ್ಲುತ್ತದೆ' ಎಂದು ನಾನು ಬರೆಸಿದ್ದೆ. ಎಲ್ಲರೂ ಕಣ್ಣುಮುಚ್ಚಿ ಅದನ್ನೇ ಬರೆದರು. ತುರ್ವಿಹಾಳದ ಒಬ್ಬ ಹುಡುಗಿ ಮಾತ್ರ 'ಎಟಿಪಿ ನಿಲ್ಲುತ್ತದೆ, ಆಮ್ಲಜನಕದ ಬಳಕೆ ಹೆಚ್ಚುತ್ತದೆ, ಮೈ ಬಿಸಿಯಾಗುತ್ತದೆ' ಎಂದು ಬರೆದಳು. ಅಧಿಕಪ್ರಸಂಗಿ ಎಂದುಕೊಂಡು ಕೆಂಪು ಗೀಟು ಎಳೆದೆ. ಆ ಒಂದೇ ಉತ್ತರದ ಅಂಕ ಕಡಿಮೆ ಬಿದ್ದು ಅವಳು ನಪಾಸಾದಳು. ನಪಾಸಾದವರಿಗೆ ಹಾಲ್ ಟಿಕೆಟ್ ಇಲ್ಲ ಎಂಬುದು ನಮ್ಮ ಕಾಲೇಜಿನ ನಿಯಮ. ಅಂದರೆ ಅವಳ ಒಂದು ವರ್ಷ ಹೋದಂತೆಯೇ.

ಮರುದಿನ ಅವಳ ತಂದೆ ಬಂದರು. ಕಾಲುವೆಯ ಗೇಟು ಕಾಯುವ ಲಸ್ಕರು.

"ಮಗಳು ಏನ್ ತಪ್ ಬರದಾಳ್ರಿ ಸರ?"

ಇವರಿಗೆ ಏನು ತಿಳಿದೀತು ಎಂಬ ತಾತ್ಸಾರದಿಂದಲೇ ಹೇಳಿದೆ: "ನಿಮ್ಮ ಕಾಲುವಿ ಇದ್ದಂಗ ತಿಳ್ಕೋರಿ. ದಂಡಿ ಒಡದ್ರ ಎಲ್ಲಾ ನಿಂತ್ಹೋಗತದ."

ಅವರು ಗಲಿಬಿಲಿಗೊಂಡು ನನ್ನ ಮುಖ ನೋಡಿದರು. "ತೂಬು ಮುಚ್ಚಿದ್ರ ಹಿಂದಿನ ನೀರು ನಿಲ್ತಾವ್ರಿ. ದಂಡಿ ಒಡದ್ರ ಹೆಂಗ ನಿಲ್ತಾವು? ಇನ್ನಾ ಜೋರು ಓಡ್ತಾವು. ಮ್ಯಾಲಿಂದ ಎಷ್ಟ್ ಬಿಟ್ರೂ ಸಾಲಂಗಿಲ್ಲ. ತೂಬಿನ ಕೆಳಗಿನ ಹೊಲ ಒಣಗತೈತಿ, ಅಷ್ಟ."

ಅವರು ಹೋದ ಮೇಲೆ ಗ್ರಂಥಾಲಯದ ದಪ್ಪ ಪುಸ್ತಕ ತೆಗೆಸಿದೆ. ಕಿಂಡಿಯನ್ನೇ ಮುಚ್ಚುವ ವಿಷ ಬೇರೆ, ಪೊರೆ ಸೋರಿಸುವ ವಿಷ ಬೇರೆ. ಕಿಂಡಿ ಮುಚ್ಚಿದರೆ ಒತ್ತಡ ಕಟ್ಟಿ ಆಮ್ಲಜನಕದ ಬಳಕೆಯೂ ಕುಗ್ಗುತ್ತದೆ, ಸೋರಿದರೆ ಹೆಚ್ಚುತ್ತದೆ. ಎರಡನ್ನೂ ಅದಲುಬದಲು ಮಾಡಿ ಎಷ್ಟೋ ವರ್ಷ ಬರೆಸಿದ್ದ ಪಂಡಿತ ನಾನು! ಪುಸ್ತಕದ ಹಿಂದಿನ ಎರವಲು ಚೀಟಿಯಲ್ಲಿ ಒಂದೇ ಸಹಿ ಇತ್ತು, ಆ ಹುಡುಗಿಯದು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಅಂಕ ತಿದ್ದಿದೆ, ಹಾಲ್ ಟಿಕೆಟ್ ಕೊಡಿಸಿದೆ. ಆದರೆ ಸೊಕ್ಕು ಅಷ್ಟು ಬೇಗ ಇಳಿಯುತ್ತದೆಯೇ? ತುಂಬಿದ ತರಗತಿಯಲ್ಲಿ ಉತ್ತರಪತ್ರಿಕೆ ಅವಳ ಕೈಗಿಟ್ಟು, "ಅಂಕ ಕೂಡೂದ್ರಾಗ ತಪ್ಪಾಗಿತ್ತು" ಎಂದೆ.

ಅವಳು ಪುಟ ತಿರುವಿ ನೋಡಿ ಎದ್ದು ನಿಂತಳು.

"ಕೂಡಿದ್ದು ಬರೋಬ್ಬರಿ ಇತ್ರಿ ಸರ. ನೋಟ್ಸು ತಪ್ಪೈತ್ರಿ."